ಶಾಲೆಯ ಊಟದ ಕೋಣೆಯಲ್ಲಿ ಮತ ಎಣಿಕೆ

2024ರ ಜುಲೈ 7, ಭಾನುವಾರ. ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಮಗಳ ಶಾಲೆಗೆ ಹೋದೆ. ರಜೆ ಶುರುವಾಗಿತ್ತು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ನಮ್ಮ ಪುಟ್ಟ ಊರಿನ ಮತಗಟ್ಟೆ ಇರುವುದು ಆ ಶಾಲೆಯ ಊಟದ ಕೋಣೆಯಲ್ಲೇ. ನನಗೆ ಓಟಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಆದರೆ ಇಲ್ಲಿಯ ಪೌರತ್ವ ತಗೊಂಡರೆ ಭಾರತದ್ದನ್ನು ಬಿಡಬೇಕು. ಅದಕ್ಕೆ ಮನಸ್ಸು ಬಂದಿಲ್ಲ.

ಅಂದು ಸಂಸತ್ ಚುನಾವಣೆಯ ಎರಡನೇ, ಕೊನೆಯ ಸುತ್ತು. ಮನೆಯಲ್ಲಿ ಕೂರಲು ಆಗಲಿಲ್ಲ. ಜೂನ್ 9ರ ರಾತ್ರಿ, ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಸೋತ ಕೂಡಲೇ ಅಧ್ಯಕ್ಷ ಮಕ್ರೋನ್ ಇಲ್ಲಿಯ ಕೆಳಮನೆ ವಿಸರ್ಜಿಸಿದ್ದರು. ಜೂನ್ 30ರ ಮೊದಲ ಸುತ್ತಿನಲ್ಲಿ ವಲಸೆಯನ್ನು ವಿರೋಧಿಸುವ ಕಡು ಬಲಪಂಥೀಯ ಪಕ್ಷ, ಮರೀನ್ ಲ ಪೆನ್ ಅವರ ನ್ಯಾಷನಲ್ ರ್ಯಾಲಿ ಮತ್ತು ಮಿತ್ರರಿಗೆ ಮೂರನೇ ಒಂದು ಪಾಲು ಮತ ಬಿದ್ದಿತ್ತು. ಆ ಪಕ್ಷದ ಅಧ್ಯಕ್ಷ, 28 ವರ್ಷದ ಜೋರ್ಡಾನ್ ಬಾರ್ಡೆಲಾ ಪ್ರಧಾನಿ ಆಗಿಯೇಬಿಟ್ಟರು ಎನ್ನುವಂತೆ ಮಾತು ನಡೆದಿತ್ತು. ಎರಡೆರಡು ಪೌರತ್ವ ಇರುವವರಿಗೆ ಕೆಲವು ಸೂಕ್ಷ್ಮ ಹುದ್ದೆ ಕೊಡುವುದಿಲ್ಲ ಎಂದು ಆ ಪಕ್ಷ ಹೇಳಿತ್ತು. ಈ ದೇಶದವರೇ ಆದವರಿಗೆ ಹೀಗಾದರೆ ನಮ್ಮ ಪಾಡೇನು? ಶಾಲೆಯಲ್ಲಿ ಏನೋ ಕೇಳಿಬಂದ ಮಗಳು ಒಂದು ದಿನ, "ಅಮ್ಮ, ನಾವು ಊರು ಬಿಡಬೇಕಾ?" ಅಂದಿದ್ದಳು.

ನಮ್ಮಪ್ಪ ಹಾಸನ ಜಿಲ್ಲೆಯಲ್ಲಿ ಮೇಷ್ಟ್ರು. ಚುನಾವಣೆ ಡ್ಯೂಟಿ ಬಂದರೆ ಮಸ್ಟರಿಂಗಿಗೆ ಹೋಗಿ, ಬಸ್ಸಿನಲ್ಲಿ ಯಾವುದೋ ಹಳ್ಳಿ ಸೇರಿ, ಮತಗಟ್ಟೆಯಲ್ಲೇ ಮಲಗಿ ಬರುತ್ತಿದ್ದರು. ಎಣಿಕೆ ಮಾತ್ರ ದೂರದಲ್ಲಿ, ಪೊಲೀಸ್ ಪಹರೆಯೊಳಗೆ. ಇಲ್ಲಿ ಮತ ಹಾಕಿದ ಕೋಣೆಯಲ್ಲೇ, ಊರವರೇ ಎಣಿಸುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ನನ್ನನ್ನು ಯಾರೂ ತಡೆಯಲಿಲ್ಲ.

ಇಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಚೀಟಿ. ಮತದಾರ ಒಂದಕ್ಕಿಂತ ಹೆಚ್ಚು ಚೀಟಿ ಎತ್ತಿಕೊಂಡು ಪರದೆಯ ಹಿಂದೆ ಹೋಗಿ, ಒಂದನ್ನು ಲಕೋಟೆಗೆ ಹಾಕಿ, ಉಳಿದದ್ದನ್ನು ಬಿಸಾಡುತ್ತಾನೆ. ಪೆಟ್ಟಿಗೆ ಪಾರದರ್ಶಕ. ಲಕೋಟೆ ಒಳಗೆ ಬಿದ್ದ ಕ್ಷಣ ಮತಗಟ್ಟೆಯವರು "ಆ ವೋತೆ" ಎಂದು ಗಟ್ಟಿಯಾಗಿ ಹೇಳುತ್ತಾರೆ: ಮತ ಹಾಕಿದ್ದಾಯಿತು ಎಂದು.

ಆರಕ್ಕೆ ಬೀಗ ತೆಗೆದು ಲಕೋಟೆಗಳನ್ನು ಮೇಜಿನ ಮೇಲೆ ಸುರಿದರು, ನೂರು ನೂರರ ಕಟ್ಟು ಮಾಡಿದರು. ಮೇಜಿಗೆ ನಾಲ್ಕು ಜನ. ನನ್ನೆದುರಿನ ಮೇಜಿನಲ್ಲಿ ಪಕ್ಕದ ಮನೆಯ ಮದಾಮ್ ಕೂತಿದ್ದರು. ಪ್ರತಿ ಬೇಸಿಗೆ ತಮ್ಮ ಮರದ ಚೆರ್ರಿ ಹಣ್ಣು ಬುಟ್ಟಿಯಲ್ಲಿ ತಂದುಕೊಡುವವರು. ಅವರು ಲಕೋಟೆ ಬಿಡಿಸಿ ಚೀಟಿಯನ್ನು ಅಂಗೈಯಲ್ಲಿ ನೀವಿ ಪಕ್ಕದವರಿಗೆ ಕೊಡುವುದು, ಆತ ಹೆಸರು ಓದುವುದು, ಇನ್ನಿಬ್ಬರು ಗೀಟು ಎಳೆಯುವುದು. ಕಣದಲ್ಲಿ ಉಳಿದವರು ಇಬ್ಬರೇ. ಎರಡು ಹೆಸರುಗಳೂ ಒಂದೇ ದನಿಯಲ್ಲಿ ಬರುತ್ತಿದ್ದವು. ನ್ಯಾಷನಲ್ ರ್ಯಾಲಿಯ ಹೆಸರು ಸಾಲಾಗಿ ನಾಲ್ಕೈದು ಸಲ ಬಂದಾಗ ನನ್ನ ಹೊಟ್ಟೆಯೊಳಗೆ ಕಲಸಿದಂತಾಯಿತು. ಅದು ಟೀವಿಯ ಶೇಕಡಾವಾರು ಅಲ್ಲ, ನಮ್ಮ ಬೀದಿಯದು. ಔಷಧಿ ಅಂಗಡಿಯವರೋ, ಬ್ರೆಡ್ ಕೊಡುವಾಕೆಯೋ? ಮದಾಮ್ ಕಡೆ ನೋಡಿದೆ. ಅವರ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಯಾರ ಚೀಟಿಯೇ ಬರಲಿ, ಅಂಗೈ ಅದೇ ನಿಧಾನದಲ್ಲಿ ನೀವುತ್ತಿತ್ತು.

ನಮ್ಮ ಮತಗಟ್ಟೆಯಲ್ಲಿ ನ್ಯಾಷನಲ್ ರ್ಯಾಲಿಯೇ ಮುಂದೆ.

ಎಂಟು ಗಂಟೆಗೆ ಟೀವಿಯಲ್ಲಿ ದೇಶದ ಅಂದಾಜು ಬಂತು. ಎಡ ಒಕ್ಕೂಟ ಮೊದಲು, ಮಕ್ರೋನ್ ಬಣ ಎರಡನೆಯದು, ಲ ಪೆನ್ ಪಕ್ಷ ಮೂರನೆಯದು. ಅವರನ್ನು ತಡೆಯಲೆಂದೇ ದೇಶದಾದ್ಯಂತ 200ಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದಿದ್ದರು. ಅದು ಫಲ ಕೊಟ್ಟಿತ್ತು. 577 ಸ್ಥಾನಗಳಲ್ಲಿ ಯಾರಿಗೂ ಬಹುಮತವಿಲ್ಲ. ನಾನು ಸೋಫಾದಲ್ಲಿ ಕುಸಿದು ಕೂತು ಅತ್ತೆ.

"ನಮ್ಮೂರಲ್ಲಿ ಯಾರು ಗೆದ್ದರು?" ಅಂದಳು ಮಗಳು. ಇದ್ದದ್ದನ್ನೇ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಚೆರ್ರಿ ಮದಾಮ್ ಯಾರಿಗೆ ಹಾಕಿದ್ದು?" ಎಂದು ಕೇಳಿದಳು.

"ಗೊತ್ತಿಲ್ಲ ಪುಟ್ಟಿ. ಲಕೋಟೆಯೊಳಗಿತ್ತು."

ಮರುದಿನ ಬುಟ್ಟಿ ಬಂತು. ಬಾಗಿಲಲ್ಲಿ ನಿಂತು ನಾವಿಬ್ಬರೂ ಮಳೆಯ ವಿಷಯ ಮಾತಾಡಿದೆವು.