ಕಂಡಕ್ಟರನ ಮೂಗು ಉಳಿಯಿತು: ನಾಲ್ಕನೇ ಬೊಂಬೆಯ ವರದಿ

ಚಾಕುವಿನಿಂದ ಮರದಲ್ಲಿ ಕೆತ್ತುತ್ತಿರುವ ಬಸ್ ಕಂಡಕ್ಟರ್ ಬೊಂಬೆಗಳಲ್ಲಿ ನಾಲ್ಕನೆಯವನ ಮೂಗು ಮುರಿಯದೆ ನಿಂತಿದೆ. ಮೊದಲಿಬ್ಬರದು ಚಪ್ಪಟೆ ಮುಖ. ಮೂರನೆಯವನಿಗೆ ಮೂಗಿನ ತುದಿಯೇ ಇಲ್ಲ. ಟಿಕೆಟ್ ಚೀಲ, ಪ್ಯಾಂಟಿನ ಮಡಿಕೆ, ಬೂಟು ಇವೆಲ್ಲ ಎರಡನೇ ಬೊಂಬೆಯ ಹೊತ್ತಿಗೆ ಯಾರ ಕೈಗಾದರೂ ಕೂಡಿಬರುತ್ತವೆ, ಹಾಗಾಗಿ ಅವುಗಳ ಮಾತು ಇಲ್ಲಿ ಬೇಡ. ಇಷ್ಟು ದಿನ ಕಾಡಿದ್ದು ಮುಖದ ಎರಡಂಗುಲ ಜಾಗ.

ಮರ ಹಾಲೆ, ಚನ್ನಪಟ್ಟಣದ ಆಟಿಕೆಗೆ ಬಳಸುವುದೇ. ತುಂಡು 40 × 40 × 150 ಮಿ.ಮೀ., ನಾರು ಕಾಲಿನಿಂದ ತಲೆಯ ಕಡೆಗೆ. ಅದರಲ್ಲಿ 45 ಮಿ.ಮೀ. ತಲೆಗೇ ಹೋಗುತ್ತದೆ. ಕ್ಯಾರಿಕೇಚರ್ (ಉತ್ಪ್ರೇಕ್ಷಿಸಿದ ವ್ಯಂಗ್ಯರೂಪ) ಅಂದಮೇಲೆ ತಲೆ ದೊಡ್ಡದಿರಲೇಬೇಕು.

ಮೊದಲೆರಡು ಬೊಂಬೆಗಳಲ್ಲಿ ಮುಖವನ್ನು ತುಂಡಿನ ಚಪ್ಪಟೆ ಬದಿಗೆ ಬರೆದದ್ದೇ ತಪ್ಪು. ನಡುವಿನಿಂದ ಆ ಬದಿಗೆ ಇರುವುದು 20 ಮಿ.ಮೀ. ಮಾತ್ರ. ಮೂಗು ಮುಂದೆ ಬರಬೇಕೆಂದರೆ ಕೆನ್ನೆ, ಹಣೆ, ಗಲ್ಲ ಎಲ್ಲವನ್ನೂ ಹಿಂದಕ್ಕೆ ಕೆತ್ತಬೇಕು. ಹೊಸಬರ ಕೈ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಮುಖ ನಾಣ್ಯದ ಮೇಲಿನ ಚಿತ್ರದಂತೆ ಉಳಿದುಬಿಡುತ್ತದೆ. ಅದೇ ಮುಖವನ್ನು ತುಂಡಿನ ಮೂಲೆಗೆ ತಿರುಗಿಸಿದರೆ ನಡುವಿನಿಂದ ಅಂಚಿಗೆ 28 ಮಿ.ಮೀ. ಸಿಗುತ್ತದೆ. ಮೂಗಿಗೆ 8 ಮಿ.ಮೀ. ಪುಕ್ಕಟೆ, ಕೆನ್ನೆಗಳು ಆಗಲೇ ಎರಡೂ ಕಡೆ 45 ಡಿಗ್ರಿ ಹಿಂದಕ್ಕೆ ಸರಿದಿರುತ್ತವೆ. ಮೈ ಮುಂದಕ್ಕೇ ಇದ್ದು ತಲೆ ಮಾತ್ರ ಓರೆಯಾದ್ದರಿಂದ ಕಂಡಕ್ಟರ್ ಹಿಂದಿನ ಸೀಟಿನತ್ತ ತಿರುಗಿ ‘ಯಾರ್ರೀ ಟಿಕೆಟ್?’ ಅಂದಹಾಗೆ ಕಾಣುತ್ತಾನೆ. ಇದಕ್ಕಿಂತ ಒಳ್ಳೆಯ ಭಂಗಿ ಬೇಕೆ!

ಮೂಲೆಗೆ ಬಂದಮೇಲೆ ಹೊಸ ತಾಪತ್ರಯ. ಮೂರನೆಯವನ ಮೂಗಿನ ಕೆಳಗೆ ಚಕ್ಕೆ ತೆಗೆಯುವಾಗ ತುದಿಯೂ ಜೊತೆಗೇ ಎದ್ದುಬಂತು. ಕಾರಣ ನಾರು. ಮೂಗು ಹೊರಚಾಚುವುದು ಅಡ್ಡಕ್ಕೆ, ನಾರು ಓಡುವುದು ಉದ್ದಕ್ಕೆ. 12 ಮಿ.ಮೀ. ಎತ್ತರದ ಮೂಗಿನ ಮೇಲಿಂದ ಇಳಿಜಾರು, ಕೆಳಗಿಂದ ಕಚ್ಚು ತೆಗೆದಮೇಲೆ ತುದಿಯಲ್ಲಿ ಉಳಿಯುವ ನಾರಿನ ಉದ್ದ ನಾಲ್ಕೈದು ಮಿ.ಮೀ. ಅಷ್ಟೆ. ಅಲ್ಲಿ ಚಾಕುವನ್ನು ಸನಿಕೆಯಂತೆ ಮೀಟಿದರೆ ಮುಗಿಯಿತು. ಚಕ್ಕೆಯನ್ನು ಕತ್ತರಿಸಿಯೇ ಬಿಡಿಸಬೇಕು, ಎಬ್ಬಿಸಬಾರದು.

ನಾಲ್ಕನೆಯದರಲ್ಲಿ ಕೆಲಸದ ಅನುಕ್ರಮವನ್ನೇ ಬದಲಿಸಿತು ಈ ಪಾಠ. ಮೊದಲು ಹುಬ್ಬಿನ ಕೆಳಗಿನ ಕಚ್ಚು. ಆಮೇಲೆ ಮೂಗಿನ ಬುಡಕ್ಕೆ ನೇರವಾಗಿ 3 ಮಿ.ಮೀ. ತಡೆಗೀರು (ಚಕ್ಕೆ ಅಲ್ಲಿಗೇ ನಿಲ್ಲಲೆಂದು ಹಾಕುವ ಕಡಿತ), ತುಟಿಯ ಕಡೆಯಿಂದ ಆ ಗೀರಿನವರೆಗೆ ಓರೆ ಕಡಿತ. ಒಂದೇ ಸಲಕ್ಕೆ ಆಳಕ್ಕೆ ಹೋಗದೆ ಇದನ್ನೇ ಮೂರು ಸಲ. ಮೂಗು ಇನ್ನೂ ದಪ್ಪ ಮೊದ್ದಾಗಿ ಇರುವಾಗಲೇ 3 ಮಿ.ಮೀ. ಡೊಂಕು ಉಳಿಯಿಂದ ಹೊಳ್ಳೆ ಕೊರೆಯಬೇಕು, ಏಕೆಂದರೆ ಉಳಿಯ ಒತ್ತಡ ತಡೆಯಲು ಸುತ್ತ ಮರ ಬೇಕು. ಬದಿ ತೆಳುಮಾಡುವುದು ಕಟ್ಟಕಡೆಗೆ. ತುದಿಗೆ ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡುವ ದಾರಿಯೂ ಇದೆ. ಆದರೆ ಗ್ಲೂ ಕುಡಿದ ಮರ ತೆಳು ಬಣ್ಣವನ್ನು ಹೀರುವುದಿಲ್ಲ, ಮೂಗಿನ ಮೇಲೆ ಬಿಳಿಚಿದ ಮಚ್ಚೆ ಉಳಿಯುತ್ತದೆ.

ಕಣ್ಣಿನ ಗೋಳೂ ಇದೇ ಜಾತಿಯದು. ಮೇಲ್ರೆಪ್ಪೆ, ಕೆಳರೆಪ್ಪೆಗಳ ಗೀರುಗಳು ಎರಡು ಮಿ.ಮೀ. ಅಂತರದಲ್ಲಿ ಅಡ್ಡ ಬಂದರೆ ನಡುವಿನ ಪಟ್ಟಿಯ ನಾರೂ ಎರಡೇ ಮಿ.ಮೀ., ಅದು ಅವಲಕ್ಕಿಯಂತೆ ಉದುರುತ್ತದೆ. ಗೀರು ಹಾಕುವಾಗ ಚಾಕುವನ್ನು ತುಸು ಓರೆ ಹಿಡಿದು, ರೆಪ್ಪೆಯ ಬುಡ ಅಗಲ, ಅಂಚು ಕಿರಿದಾಗುವಂತೆ ನೋಡಿಕೊಂಡರೆ ನಿಲ್ಲುತ್ತದೆ. ಸಮಪಾಲು ನೀರು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಮುಖಕ್ಕೆ ಸಿಂಪಡಿಸಿ ಎರಡು ನಿಮಿಷ ಬಿಟ್ಟರೆ ನಾರು ಮೆತ್ತಗಾಗಿ ಕಡಿತ ಬೆಣ್ಣೆಯಂತಾಗುತ್ತದೆ. ಚಾಕುವಿನ ಹರಿತ ನೋಡಲು ಚೂರು ಮರದ ಅಡ್ಡನಾರಿನ ತುದಿ ಕೊಯ್ಯಿರಿ. ಹೊಳಪು ಬಂದರೆ ಸರಿ. ಬಿಳಿ ಗೆರೆ ಕಂಡರೆ ಬಾಯಿ ಮುಕ್ಕಾಗಿದೆ, ಮತ್ತೆ ಸಾಣೆಗೆ. ಅರ್ಧ ಗಂಟೆಗೊಮ್ಮೆ ಹಸಿರು ಪೇಸ್ಟ್ (ಹರಿತಕ್ಕೆ ಬಳಸುವ ಪಾಲಿಶ್) ಹಚ್ಚಿದ ಚರ್ಮದ ಪಟ್ಟಿಗೆ ಹದಿನೈದು ಎಳೆತ ತಪ್ಪಿಸಬೇಡಿ. ಸ್ಯಾಂಡ್ ಪೇಪರ್ ಅಂತೂ ಬೇಡವೇ ಬೇಡ. ಉದುರಿದ ಮರಳು ನಾರಿನೊಳಗೆ ಕೂತು ಮುಂದಿನ ಕಡಿತಕ್ಕೆ ಚಾಕು ತಿನ್ನುತ್ತದೆ. ಸ್ವೀಡನ್ನಿನಲ್ಲಿ ಡೋಡರ್‌ಹುಲ್ಟರ್ನ್ ಎಂದೇ ಹೆಸರಾದ ಆಕ್ಸೆಲ್ ಪೀಟರ್ಸನ್ (1868–1925) ಕೆತ್ತಿದ ರೈತರನ್ನು ನೋಡಿ. ಚಾಕುವಿನ ಒಂದೊಂದು ಪಟ್ಟೆಯೂ ಹಾಗೇ ಇದೆ, ಆ ಮುಖಗಳ ಜೀವವೇ ಆ ಪಟ್ಟೆಗಳಲ್ಲಿದೆ.

ಮರ ಮಾರಿದವರ ಬಗ್ಗೆ ಒಂದು ದೂರು ಹೇಳಲೇಬೇಕು. ‘ಪೂರ್ತಿ ಒಣಗಿದ್ದು’ ಅಂದು ಕೊಟ್ಟ ತುಂಡು ಬಂದ ದಿನ 182 ಗ್ರಾಂ, ಮೂರು ವಾರದ ನಂತರ 151. ಇನ್ನೊಂದರಲ್ಲಿ ಮರದ ನಡುತಿರುಳೇ ಸೇರಿತ್ತು, ಒಣಗುತ್ತ ಕೆನ್ನೆಯ ನಡುವೆ ಬಿರುಕು ಬಿಟ್ಟಿತು. ತಿರುಳಿಲ್ಲದ ತುಂಡನ್ನೇ ಕೇಳಿ. ಎರಡೂ ತುದಿಗೆ ಮೇಣ ಹಚ್ಚಿ, ವಾರಕ್ಕೆರಡು ಸಲ ತೂಗಿ, ತೂಕ ನಿಂತಮೇಲೆಯೇ ಚಾಕು ಮುಟ್ಟಿಸಿ.

ಬಣ್ಣಕ್ಕೆ ಮುಂಚೆ ಪಾತ್ರೆ ಸೋಪು, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಬೊಂಬೆಗೆ ಸ್ನಾನ. ಕೈಯ ಜಿಡ್ಡು, ಪೆನ್ಸಿಲ್ ಮಸಿ ಹೋಗದಿದ್ದರೆ ಬಣ್ಣ ತೇಪೆ ತೇಪೆಯಾಗುತ್ತದೆ. ಒಣಗಿದಮೇಲೆ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯ ಒಂದು ತೆಳು ಕೈ, ಚೆನ್ನಾಗಿ ಒರೆಸಿ, ಒಂದು ದಿನ ಬಿಡುವು. ಇದನ್ನು ಬಿಟ್ಟ ಎರಡನೆಯವನ ಖಾಕಿ ಬಣ್ಣ ನಾರಿನಗುಂಟ ಹರಿದು ಕುತ್ತಿಗೆಗೇರಿತ್ತು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ಖಾಕಿಗೆ ಯೆಲ್ಲೋ ಆಕರ್ (ಮಣ್ಣಿನ ಹಳದಿ), ಚಿಟಿಕೆ ಬರ್ಂಟ್ ಅಂಬರ್ (ಕಡು ಕಂದು), ಬಿಳಿ. ಒಂದು ಹನಿ ಅಕ್ರಿಲಿಕ್‌ಗೆ ಹತ್ತು ಹನಿ ನೀರು. ಮೈಬಣ್ಣ ಹಸಿ ಇರುವಾಗಲೇ ಮೂಗು, ಕಿವಿಯಂಚಿಗೆ ಕೆಂಪು. ಕಣ್ಣಿಗೆ ಮಾತ್ರ ದಪ್ಪ ಬಣ್ಣ. ಬಿಳಿಗೆ ಒಂದಿಷ್ಟು ಆಕರ್ ಬೆರೆಯಬೇಕು, ಕಪ್ಪಾಲಿಯ ಮೇಲಿನ ಮೂರರಲ್ಲೊಂದು ಭಾಗ ರೆಪ್ಪೆಯ ಅಡಿ ಅಡಗಬೇಕು. ಪೂರ್ತಿ ವೃತ್ತ ಕಂಡರೆ ಕಂಡಕ್ಟರ್ ದೆವ್ವ ಕಂಡವನಂತಾಗುತ್ತಾನೆ.

ಮುಂದಿನದು ರುಮಾಲು ಸುತ್ತಿದ ಸಂತೆಯ ಯಜಮಾನ. ರುಮಾಲಿನ ಸುತ್ತುಗಳನ್ನು ಕೆತ್ತುವ ಬದಲು ಕೊಪ್ಪಳದ ಕಿನ್ನಾಳದ ಬೊಂಬೆ ಮಾಡುವವರ ‘ಕಿಟ್ಟ’ವನ್ನು ಮೆತ್ತಿ ನೋಡುವ ಆಸೆ. ನೆನೆಸಿ ಕತ್ತರಿಸಿ ಒಣಗಿಸಿದ ಸೆಣಬಿನ ಪುಡಿಗೆ ಹುಣಸೆಬೀಜದ ಅಂಟು ಕಲಸಿದ್ದು ಅದು. ಹುಣಸೆಬೀಜ ಹುರಿಯುವುದು ಈ ಭಾನುವಾರ. ಯಜಮಾನನ ತುಂಡು ನಿನ್ನೆ 163 ಗ್ರಾಂ ಇತ್ತು, ಇನ್ನೂ ಇಳಿಯುತ್ತಿದೆ.