ಕಲ್ಲು ಕೈಕೊಟ್ಟ ಕಡೆ ಮಣ್ಣಿನ ಬುದ್ಧ

ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಗಾಂಧಾರದ ಶಿಲ್ಪಿಗಳಿಗೆ ಬೂದುಬಣ್ಣದ ಶಿಸ್ಟ್ ಕಲ್ಲು ಸಿಕ್ಕಿತ್ತು. ನಮ್ಮ ಕನಗನಹಳ್ಳಿಯ ಸ್ತೂಪಕ್ಕೆ ಸುಣ್ಣಕಲ್ಲಿನ ಚಪ್ಪಡಿಗಳಿದ್ದವು. ಚೀನಾದ ಡುನ್‌ಹುವಾಂಗ್‌ನಲ್ಲಿ ಆ ಭಾಗ್ಯವಿರಲಿಲ್ಲ. ಅಲ್ಲಿನ ಮೊಗಾವೊ ಬೆಟ್ಟವೆಂದರೆ ಮರಳು, ಜಲ್ಲಿ ಅಂಟಿಕೊಂಡು ಆದ ಬಂಡೆ. ಗುಹೆ ತೋಡಬಹುದು, ಉಳಿ ಇಟ್ಟು ಮೂಗು ತಿದ್ದಲು ಹೋದರೆ ಜಲ್ಲಿ ಕಳಚಿ ಬೀಳುತ್ತದೆ. ಕ್ರಿ.ಶ. 366ರಲ್ಲಿ ತೋಡಲು ಶುರುಮಾಡಿದರೆಂದು ಹೇಳುವ ಈ ಗುಹೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಣ್ಣಿನ ಮೂರ್ತಿಗಳಿವೆ. ಬುದ್ಧಮೂರ್ತಿಯ ಶೈಲಿ ಬದಲಾದದ್ದಕ್ಕೆಲ್ಲ ಧರ್ಮಗ್ರಂಥದಲ್ಲೇ ಕಾರಣ ಹುಡುಕುವವರು ಈ ಬಂಡೆಯನ್ನೊಮ್ಮೆ ಮುಟ್ಟಿ ನೋಡಬೇಕು.

ಮೊದಲು ಮರದ ಚೌಕಟ್ಟು. ಅದಕ್ಕೆ ಜೊಂಡು, ಒರಟು ಹುಲ್ಲಿನ ಕಂತೆ ಬಿಗಿದು ಮೈಕಟ್ಟು ತರುತ್ತಾರೆ. ಮೂರ್ತಿ ಹಗುರವಾಗುತ್ತದೆ, ಮಣ್ಣೂ ಉಳಿಯುತ್ತದೆ. ಮೇಲೆ ಹುಲ್ಲಿನ ಚೂರು ಕಲಸಿದ ಒರಟು ಮಣ್ಣು. ಆಮೇಲೆ ನಯಮಣ್ಣು: ಹೊಳೆಯ ಮೆಕ್ಕಲು ಸುಮಾರು ಏಳು ಪಾಲು, ಸಣ್ಣ ಮರಳು ಮೂರು ಪಾಲು, ಜೊತೆಗೆ ಸೆಣಬು ಅಥವಾ ಹತ್ತಿಯ ನಾರು. ಮರಳು ಕಡಿಮೆಯಾದರೆ ಒಣಗುವಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಜಾಸ್ತಿಯಾದರೆ ರೆಪ್ಪೆ, ತುಟಿಯಂಥ ನಾಜೂಕು ಅಂಚು ನಿಲ್ಲುವುದಿಲ್ಲ. ಬಿರುಕು ಹರಡದಂತೆ ಹಿಡಿಯುವುದು ನಾರು. ಕೊನೆಗೆ ಬಿಳಿ ಬಳಿದು ಬಣ್ಣ.

96ನೇ ಗುಹೆಯ ಸುಮಾರು 35 ಮೀಟರ್ ಎತ್ತರದ ಬುದ್ಧನಿಗೆ ಮರ ಸಾಲದು. ಬಂಡೆಯನ್ನೇ ಒರಟಾಗಿ ಕಡೆದು, ತೂತು ಕೊರೆದು, ಗೂಟ ಹೊಡೆದು, ಅದರ ಮೇಲೆ ಮಣ್ಣು ಮೆತ್ತಿದರು. 2001ರಲ್ಲಿ ತಾಲಿಬಾನಿಗಳು ಉರುಳಿಸಿದ ಅಫ್ಘಾನಿಸ್ತಾನದ ಬಾಮಿಯಾನ್‌ನ ಎರಡು ಬುದ್ಧರದೂ ಹೆಚ್ಚುಕಡಿಮೆ ಇದೇ ಉಪಾಯ. ಬಾಮಿಯಾನ್‌ನ ದೊಡ್ಡ ಮೂರ್ತಿಯಲ್ಲಿ ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ಅದರ ಮೇಲೆ ಮಣ್ಣು ಮೆತ್ತಿ ಚೀವರದ, ಅಂದರೆ ಭಿಕ್ಷುವಿನ ಉಡುಪಿನ, ನೆರಿಗೆ ಎಬ್ಬಿಸಿದ್ದರು.

ಮೊಗಾವೊ ಗುಹೆಗಳ ಗೋಡೆಗೂ ಮಣ್ಣಿನ ಗಾರೆ ಮೆತ್ತಿ ಚಿತ್ರ ಬರೆದಿದ್ದಾರೆ. ಆ ಚಿತ್ರಕ್ಕೆ ದೊಡ್ಡ ಶತ್ರು ಉಪ್ಪು. ಬಂಡೆಯೊಳಗಿನ ಉಪ್ಪು ಗಾಳಿಯ ತೇವ ಹೀರಿ ಕರಗುತ್ತದೆ, ಒಣಗಿದಾಗ ಮತ್ತೆ ಹರಳಾಗುತ್ತದೆ. ಇದೇ ನಡೆಯುತ್ತಿದ್ದರೆ ಗಾರೆ ಬಂಡೆಯಿಂದ ಬಿಟ್ಟುಕೊಂಡು ಚಕ್ಕೆಯೇಳುತ್ತದೆ. ಪ್ರವಾಸಿಗರ ಉಸಿರೂ ತೇವವೇ. ಗುಂಪು ಗುಂಪಾಗಿ, ಲೆಕ್ಕವಿಟ್ಟು ಒಳಗೆ ಬಿಡುವುದು ಸುಮ್ಮನೆ ಅಲ್ಲ.

ಬಣ್ಣದ ಪಾಡು ಬೇರೆ. ಉತ್ತರ ವೇಯ್ ರಾಜವಂಶದ ಕಾಲದ 254ನೇ ಗುಹೆಯಂಥ ಕಡೆ ಮೈಬಣ್ಣ ಕಪ್ಪಾಗಿರುವುದನ್ನು ಕಂಡು ಚಿತ್ರಕಾರನ ಆಯ್ಕೆಯೇ ಹಾಗೆಂದುಕೊಳ್ಳುವವರು ಬಹಳ. ಅದು ಸೀಸದ ಬಣ್ಣ ಕಾಲಕ್ರಮೇಣ ಕಪ್ಪಿಟ್ಟದ್ದು. ಮೊದಲು ಅಲ್ಲಿದ್ದದ್ದು ಗುಲಾಬಿ ಮೈ. ಅಂಚಿನಲ್ಲಿ ಗಾಢ, ನಡುವೆ ತಿಳಿ. ಉಬ್ಬು ತೋರಿಸುವ ಈ ಜಾಣ್ಮೆ ಭಾರತದಿಂದ ಮಧ್ಯ ಏಷ್ಯಾದ ದಾರಿಯಾಗಿ ಹೋದದ್ದು. ಗಾಢ ಬಣ್ಣ ಕಪ್ಪಾಗಿ, ಮೂಗಿನ ಉಬ್ಬಿಗೂ ಕಣ್ಣಿಗೂ ಹಚ್ಚಿದ ಬಿಳಿ ಮಾತ್ರ ಉಳಿದು ಮುಖವಾಡದಂತೆ ಕಾಣುತ್ತದೆ. ನೋಡುವಾಗ ಕಪ್ಪು ಪಟ್ಟಿಯನ್ನು ಗಾಢ ಗುಲಾಬಿ ನೆರಳೆಂದು ಓದಿಕೊಳ್ಳಿ. ಕೆನ್ನೆ ತಾನಾಗಿ ಉಬ್ಬುತ್ತದೆ.