ಜುಟ್ಟು ಸುಟ್ಟ ಹುಂಜ

ನಮ್ಮ ಮನೆಗೆ ಓವನ್ ಬಂದ ದಿನ ಅತ್ತೆ ಕೇಳಿದ್ದು ಒಂದೇ ಮಾತು. "ಇದರಾಗ ತತ್ತಿ ಇಡಂಗಿಲ್ಲ, ಹೌದಲ್ಲ?" ಇಡಲ್ಲ ಅತ್ತೆ, ಅಂದೆ. ಅಂದ ತಪ್ಪಿಗೆ ನಾಲ್ಕು ವರ್ಷದಿಂದ ಮೊಟ್ಟೆಯಿಲ್ಲದೆ ಕೇಕು ಉಬ್ಬಿಸುವ ವಿದ್ಯೆ ಕಲಿಯುತ್ತಿದ್ದೇನೆ.

ನಾನು ಹಾಸನದ ಕಡೆಯವಳು. ತವರಲ್ಲಿ ಭಾನುವಾರ ಅಂದರೆ ಕೋಳಿಸಾರು, ಮುದ್ದೆ. ಸೇರಿದ್ದು ಧಾರವಾಡದ ಜೈನರ ಮನೆ. ಇಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ಹೊಸಿಲು ದಾಟುವುದಿಲ್ಲ. ಅತ್ತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ತಾಟು ತೊಳೆದಿಟ್ಟಿರುತ್ತಾರೆ. ನಮ್ಮ ಯಜಮಾನರು ಪರಊರಿಗೆ ಹೋದಾಗ ಏನು ತಿನ್ನುತ್ತಾರೆ ಅಂತ ನಾನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ಹಾಸನದವಳು ಅಂದಮೇಲೆ ಬೇಕರಿ ಕೆಲಸ ಹುಟ್ಟಿನಿಂದಲೇ ಬರಬೇಕಿತ್ತು. ಊರೂರಿಗೆ ಅಯ್ಯಂಗಾರ್ ಬೇಕರಿ ತೆಗೆದವರಲ್ಲಿ ನಮ್ಮ ಜಿಲ್ಲೆಯವರೇ ಹೆಚ್ಚು. ಹಳಬರಂತೂ ಮೊಟ್ಟೆ ಮುಟ್ಟದೆಯೇ ಖಾರಾ ಬನ್ನು, ದಿಲ್‌ಪಸಂದು, ಕೇಕು ಎಲ್ಲಾ ಮಾಡಿ ಹೆಸರು ತೆಗೆದರು. ನನಗೆ ಮಾತ್ರ ಆ ಕೈಗುಣ ಬರಲಿಲ್ಲ.

ಶುರು ಮಾಡಿದ್ದು 2020ರ ಲಾಕ್‌ಡೌನಿನಲ್ಲಿ, ಎಲ್ಲರ ಹಾಗೆ. ಕುಕ್ಕರಿನ ಗ್ಯಾಸ್ಕೆಟ್ಟು, ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡಿಟ್ಟು ಕೇಕು ಕೂರಿಸಿದೆ. ಕೆಳಗೆ ಇದ್ದಿಲು, ಮೇಲೆ ಗಂಜಿ. ಆಮೇಲೆ ರಾಗಿ ಕೇಕು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಗಾಳಿ ಹಿಡಿದಿಡುವ ಜಿಗುಟು ಇಲ್ಲ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ, ಹಲ್ಲಿಗೆ ಗೊತ್ತಾಯಿತು. ಅಷ್ಟಕ್ಕೂ ಬುದ್ಧಿ ಬಾರದೆ ಬರೀ ಜೋಳದ ಹಿಟ್ಟಿನಲ್ಲಿ ಬ್ರೆಡ್ಡು ಮಾಡಲು ಹೋದೆ. ಮೂರು ತಾಸು ಕಾದರೂ ಹಿಟ್ಟು ಇಟ್ಟಲ್ಲೇ ಇತ್ತು. ಬೇಯಿಸಿ ತೆಗೆದಾಗ ಅತ್ತೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿ, "ರೊಟ್ಟಿ ಬಡದಿದ್ರ ಇಷ್ಟೊತ್ತಿಗೆ ಇಪ್ಪತ್ತ ಆಗ್ತಿದ್ವು" ಅಂದರು.

ಕೈ ಹಿಡಿದದ್ದು ಮೊಸರು. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ. ಮೊಸರಿಗೆ ಅರ್ಧ ಚಮಚ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ಬುಸುಬುಸು ನೊರೆ ಏಳುತ್ತದೆ. ಅದು ಇಳಿಯುವುದರೊಳಗೆ ಮೈದಾ ಬೆರೆಸಿ, ಮೊದಲೇ ಕಾದಿರುವ ಓವನ್ನಿಗೆ ನುಗ್ಗಿಸಬೇಕು. ಆ ಹೊತ್ತಿಗೆ ಫೋನು ಬಂದರೆ ಎತ್ತಬಾರದು. ನಾನು ಒಮ್ಮೆ ಎತ್ತಿದ್ದೆ. ಈ ಕೇಕಿಗೆ ನಿಂಬೆ ಸಿಪ್ಪೆ ತುರಿದು ಹಾಕಿದರೆ ಅತ್ತೆಯೂ ಎರಡು ತುಂಡು ತಿನ್ನುತ್ತಾರೆ.

ಆದರೆ ನನಗೆ ಇಷ್ಟ ಯೀಸ್ಟಿನ ಬ್ರೆಡ್ಡು. ಕಾರಣ ರುಚಿಯಲ್ಲ. ಹಿಟ್ಟು ಉಬ್ಬುವ ಆ ಒಂದೂವರೆ ತಾಸು ನನ್ನದು. ಯಾರಾದರೂ ಕರೆದರೆ "ಹಿಟ್ಟು ನೋಡ್ತಾ ಇದೀನಿ" ಅನ್ನಬಹುದು. ನಿಜಕ್ಕೂ ನೋಡುವುದು ಪುಸ್ತಕ.

ಅದೂ ಹಳೆಯ ಕಥೆಯನ್ನು ಹೊಸಬರು ತಿರುಗಿ ಹೇಳಿದ ಪುಸ್ತಕ. ಈ ಚಟ ಪಿಯುಸಿಯಿಂದ ಇದೆ. ಹಾಗಂತ ಹಳೆ ಕಥೆಗೆ ಹೊಸ ಅಂಗಿ ತೊಡಿಸಿದ್ದೆಲ್ಲ ಹಿಡಿಸುವುದಿಲ್ಲ. ದ್ರೌಪದಿ ಕೈಗೆ ಮೊಬೈಲು ಕೊಟ್ಟು, ಬಾಯಿಗೆ ನಾಲ್ಕು ಭಾಷಣ ತುರುಕಿದರೆ ಸಾಕು ಅಂದುಕೊಂಡವರನ್ನು ಹತ್ತು ಪುಟಕ್ಕೇ ಮುಚ್ಚಿಡುತ್ತೇನೆ. ಕುವೆಂಪು ಹ್ಯಾಮ್ಲೆಟ್ಟನ್ನು ಡೆನ್ಮಾರ್ಕಿನಿಂದ ಎಬ್ಬಿಸಿಕೊಂಡು ಬಂದು ಬಿದನೂರಿನ ಅರಮನೆಯಲ್ಲಿ ಕೂರಿಸಿದ 'ರಕ್ತಾಕ್ಷಿ' ಓದಿದಾಗ, ಇದು ನಮ್ಮ ಮಲೆನಾಡಿನಲ್ಲೇ ನಡೆದಿದ್ದು ಅನ್ನಿಸಿತ್ತು. ಭೈರಪ್ಪನವರ 'ಪರ್ವ' 1979ರದು. ಪವಾಡಗಳನ್ನೆಲ್ಲ ಕಳಚಿ, ದೇವತೆಗಳನ್ನೂ ಬೆಟ್ಟದ ಮೇಲಿನ ಒಂದು ಜನವನ್ನಾಗಿ ಮಾಡಿಬಿಟ್ಟ ಕಾದಂಬರಿ. ಅದನ್ನು ಬಾಣಂತನದಲ್ಲಿ ಓದಿ, ಕುಂತಿ ಗಾಂಧಾರಿಯರೆಲ್ಲ ನಿದ್ದೆಗೆಟ್ಟವರಂತೆ ಕಂಡರು. ನಿದ್ದೆಗೆಟ್ಟವಳು ನಾನೂ ಆಗಿದ್ದೆ, ಆ ಮಾತು ಬೇರೆ.

ಎಲ್ಲಕ್ಕಿಂತ ಹೆಚ್ಚು ಸಲ ಓದಿರುವುದು ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'. ಸಣ್ಣ ನಾಟಕ. ರಾಜ, ರಾಣಿ, ರಾಜನ ತಾಯಿ, ಮಾವುತ, ಇಷ್ಟೇ ಜನ. ಮೂಲ ಕಥೆ ಜನ್ನನ 'ಯಶೋಧರ ಚರಿತೆ', 1209ರಲ್ಲಿ ಬರೆದದ್ದು. ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದವನು, ಅಂದರೆ ನಮ್ಮ ಹಳೇಬೀಡಿನ ಕಡೆಯವನೇ ಅಂತ ಧಾರವಾಡದವರ ಮುಂದೆ ನಾನು ಜಂಬ ಕೊಚ್ಚುವುದುಂಟು. ಅವರು ಕಾರ್ನಾಡರನ್ನು ಎತ್ತಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು. ಯಶೋಧರ ರಾಜನ ಹೆಂಡತಿ ಅಮೃತಮತಿ, ಒಂದು ಇರುಳು ಮಾವುತನ ಹಾಡು ಕೇಳಿ ಅವನಿಗೆ ಸೋಲುತ್ತಾಳೆ. ಅವನು ನೋಡಲು ಕುರೂಪಿ, ಅಷ್ಟಾವಂಕ. ತಡವಾಗಿ ಬಂದಳೆಂದು ಅವಳನ್ನು ಹೊಡೆಯುತ್ತಾನೆ ಬೇರೆ. ಹಿಂದೆಯೇ ಹೋಗಿ ಇದನ್ನು ಕಂಡ ರಾಜ ಎತ್ತಿದ ಕತ್ತಿ ಇಳಿಸಿ ಮರಳುತ್ತಾನೆ. ಬೆಳಿಗ್ಗೆ ತಾಯಿ ಚಂದ್ರಮತಿ, ಯಾಕಪ್ಪ ಮುಖ ಬಾಡಿದೆ ಅಂತ ಕೇಳಿದರೆ, ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ಕೆಟ್ಟ ಕನಸಿಗೆ ದೇವಿಗೆ ಬಲಿ ಕೊಡಬೇಕು ಅಂತ ತಾಯಿ, ಜೀವ ತೆಗೆಯಲಾರೆ ಅಂತ ಮಗ. ಕೊನೆಗೆ ರಾಜಿ: ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಅದನ್ನು ಕಡಿಯುವುದು. ಕಡಿದಾಗ ಅದು ಕೂಗುತ್ತದೆ.

ಆ ಕೂಗಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮ ಬೆಲೆ ತೆರುತ್ತಾರೆ. ಜೀವ ತೆಗೆಯದಿದ್ದರೂ ತೆಗೆಯುವ ಮನಸ್ಸು ಮಾಡಿದೆಯಲ್ಲ, ಅದೂ ಹಿಂಸೆಯೇ. ಸಂಕಲ್ಪಹಿಂಸೆ. ಜನ್ನನಿಗೆ ಬೇಕಾದದ್ದು ಈ ಲೆಕ್ಕ. ಕಾರ್ನಾಡರು ರಾಣಿಯನ್ನು ಜೈನಳನ್ನಾಗಿಸಿ, ರಾಜ ಅವಳಿಗಾಗಿ ಧರ್ಮ ಬದಲಿಸಿದ ಅಂತ ಮಾಡಿ, ತಾಯಿಯನ್ನು ಹಳೆಯ ದೇವಿಯ ಹತ್ತಿರವೇ ಉಳಿಸಿದರು. ಪಾಪದ ಲೆಕ್ಕ ಒಂದು ಮನೆಯ ಜಗಳವಾಯಿತು. ಒಂದೇ ಮಾಡಿನ ಕೆಳಗೆ ಎರಡು ದೇವರು, ನಡುವೆ ಸಿಕ್ಕ ಗಂಡಸು. ಈ ನಾಟಕ ನನಗೆ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಪಾತ್ರ ಅದಲುಬದಲು, ಅಷ್ಟೇ.

ಹೋದ ಡಿಸೆಂಬರಿನ ಒಂದು ಭಾನುವಾರ, ಹಿಟ್ಟು ಕಾಯುತ್ತಾ ಮೂರನೆಯ ಸಲವೋ ನಾಲ್ಕನೆಯ ಸಲವೋ ಅದನ್ನು ಓದುತ್ತಿದ್ದವಳಿಗೆ ತಲೆಗೆ ಹತ್ತಿತು: ಇವತ್ತು ಬನ್ನು ಬೇಡ, ಹುಂಜ ಮಾಡೋಣ. ಕಾಲು ಕಿಲೋ ಮೈದಾ, ಒಂದೂವರೆ ನೂರು ಮಿಲಿ ಹಾಲು, 5 ಗ್ರಾಂ ಯೀಸ್ಟು, 30 ಗ್ರಾಂ ಬೆಣ್ಣೆ, ಉಪ್ಪು, ಎರಡು ಚಮಚ ಸಕ್ಕರೆ. ಧಾರವಾಡದ ಡಿಸೆಂಬರ್ ಚಳಿಗೆ ಹಿಟ್ಟು ಸುಲಭಕ್ಕೆ ಏಳುವುದಿಲ್ಲ. ಪಾತ್ರೆಗೆ ಅತ್ತೆಯ ಹಳೆ ಕೌದಿ ಸುತ್ತಿ, ಕೂಸು ಮಲಗಿಸಿದ ಹಾಗೆ ದಿವಾನದ ಮೂಲೆಯಲ್ಲಿ ಇಟ್ಟಿದ್ದೆ. ಅತ್ತೆ ಪಕ್ಕದಲ್ಲೇ ಮೆಂತ್ಯಪಲ್ಲೆ ಸೋಸುತ್ತಿದ್ದರು. ಆರನೆಯ ಕ್ಲಾಸಿನ ಮಗ ಬಂದು ಕೌದಿ ಎತ್ತಿ ನೋಡಿ, ಶಾಲೆಯಲ್ಲಿ ಕಲಿತದ್ದನ್ನೆಲ್ಲ ಅಜ್ಜಿಗೆ ಒಪ್ಪಿಸಿದ. "ಅಜ್ಜಿ, ಯೀಸ್ಟ್ ಅಂದ್ರ ಜೀವ ಇರೋದು. ಸಕ್ರಿ ತಿಂದು ಗ್ಯಾಸ್ ಬಿಡ್ತೈತಿ. ಅದಕ್ಕ ಹಿಟ್ಟು ಉಬ್ಬತೈತಿ. ಓವನ್ನಾಗ ಇಟ್ಟಕೂಡ್ಲೆ ಎಲ್ಲಾ ಸಾಯ್ತಾವ."

ಅತ್ತೆಯ ಕೈ ನಿಂತಿತು. ನನ್ನನ್ನೊಮ್ಮೆ ನೋಡಿ ಮತ್ತೆ ಸೊಪ್ಪಿಗೆ ಹೋಯಿತು. ದಿನಾ ಚಹಾದಲ್ಲಿ ಅದ್ದಿ ತಿನ್ನುವ ಟೋಸ್ಟಿಗೂ ಯೀಸ್ಟು ಹಾಕುತ್ತಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದು ಅಂತ ನಾನು ಕಣ್ಣಲ್ಲೇ ಮಗನಿಗೆ ಹೇಳಿದೆ.

ಹುಂಜ ಮಾಡುವುದು ಕಥೆಯಲ್ಲಿ ಓದಿದಷ್ಟು ಸಲೀಸಲ್ಲ. ಹೊಟ್ಟೆಗೊಂದು ದೊಡ್ಡ ಉಂಡೆ, ಕತ್ತಿಗೆ ಎಳೆದ ಉಂಡೆ, ಬಾಲವನ್ನು ಕತ್ತರಿಯಲ್ಲಿ ಐದು ಸೀಳು ಮಾಡಿ ಗರಿ ಬಿಡಿಸಿದೆ. ಕಣ್ಣಿಗೆ ಲವಂಗ. ಜುಟ್ಟು ಕೆಂಪಗಿರಬೇಕಲ್ಲ, ಬೀಟ್‌ರೂಟ್ ಗಡ್ಡೆ, ಈ ಮನೆಗೆ ಬಾರದು. ಬ್ಯಾಡಗಿ ಮೆಣಸಿನಕಾಯಿ ಪುಡಿ ಇತ್ತು, ಖಾರ ಕಡಿಮೆ, ಬಣ್ಣ ಜೋರು. ಒಂದು ಚೂರು ಹಿಟ್ಟಿಗೆ ಅದನ್ನು ನಾದಿ ಜುಟ್ಟು ಕತ್ತರಿಸಿ ಅಂಟಿಸಿದೆ. ಬೇಕರಿಯವರು ಮಿರುಗಲಿ ಅಂತ ಮೊಟ್ಟೆ ಸವರುತ್ತಾರೆ, ನಾನು ಹಾಲು ಸವರಿದೆ. ಬಿಟ್ಟ ಅರ್ಧ ತಾಸಿನಲ್ಲಿ ಹುಂಜ ಇನ್ನೊಮ್ಮೆ ಉಬ್ಬಿ, ಕತ್ತು ಹೊಟ್ಟೆಯೊಳಗೆ ಸೇರಿ, ಗರಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಮಗ ಡೈನೋಸಾರ್ ಅಂದ. ಯಜಮಾನರು ಆಮೆ ಅಂದರು.

190 ಡಿಗ್ರಿಗೆ ಇಟ್ಟೆ. ಹತ್ತು ಹನ್ನೆರಡು ನಿಮಿಷಕ್ಕೆ ಮನೆ ತುಂಬ ಘಾಟು. ಮೇಲಿನ ರಾಡಿಗೆ ಹತ್ತಿರವಿದ್ದ ಜುಟ್ಟು ಮೆಣಸಿನಕಾಯಿ ಸಮೇತ ಕರಕಲಾಗುತ್ತಿತ್ತು. ಮೇಲೊಂದು ಫಾಯಿಲ್ ಮುಚ್ಚಬೇಕಿತ್ತು, ಹೊಳೆಯಲಿಲ್ಲ. ನಾಲ್ಕೂ ಜನ ಕೆಮ್ಮುತ್ತಾ ಕಿಟಕಿ ಬಾಗಿಲು ತೆಗೆದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಇರ್ಲಿ ಬಿಡ, ಮನೀ ದೃಷ್ಟಿ ತಗದಂಗಾತು" ಅಂದರು.

ಹುಂಜ ಹೊರಗೆ ಬಂದಾಗ ಆರೂವರೆ. ಹೊತ್ತು ಮುಳುಗಿತ್ತು. ತಟ್ಟೆಯಲ್ಲಿ ಕಂದು ಬಣ್ಣದ ದಪ್ಪ ಹಕ್ಕಿ, ತಲೆಯ ಮೇಲೆ ಇದ್ದಿಲಿನ ಕಿರೀಟ, ಒಂದು ಲವಂಗ ಬಿದ್ದುಹೋಗಿ ಒಕ್ಕಣ್ಣು. ಮಗ ಚಾಕು ಹಿಡಿದ. ಯಾಕೋ ಯಾರೂ ಮಾತಾಡಲಿಲ್ಲ. ಅವನು ಕತ್ತಿನ ಮೇಲೆ ಚಾಕು ಇಟ್ಟಿದ್ದೇ ತಡ, ಪಕ್ಕದ ಮನೆಯ ಕುಕ್ಕರು ಉದ್ದಕ್ಕೆ ಸೀಟಿ ಹೊಡೆಯಿತು. ಮಗ ಚಾಕು ಕೆಳಗಿಟ್ಟ.

ನಾವು ಮೂವರು ಬಾಲದ ಕಡೆಯಿಂದ ಮುರಿದು ತಿಂದೆವು. ಒಳಗೆ ಹತ್ತಿಯಂತೆ ಬಂದಿತ್ತು, ನನ್ನ ಕೈಯಲ್ಲಿ ಆದ ಬ್ರೆಡ್ಡುಗಳಲ್ಲಿ ಅದೇ ಮೇಲು. ನಿಮಗೆ ಬೆಳಿಗ್ಗೆ ಚಹಾಕ್ಕೆ ಎತ್ತಿಡ್ತೀನಿ ಅತ್ತೆ, ಅಂದೆ.

"ನನಗ ಬ್ಯಾಡ."

"ಮೊಟ್ಟೆ ಹಾಕಿಲ್ಲ ಅತ್ತೆ. ಹಾಲೇ ಸವರಿದ್ದು."

"ಗೊತ್ತೈತಿ. ಹುಂಜ ಅಂತ ಮಾಡೀಯಲ್ಲ, ಅದಕ್ಕ."

ನನ್ನ ಹತ್ತಿರ ವಾದ ಸಿದ್ಧವಿತ್ತು. ಯೀಸ್ಟಿನ ಜೀವದ ಮಾತಾದರೆ ದೋಸೆ ಹಿಟ್ಟು ಉಬ್ಬುವುದೂ ಹಾಗೆಯೇ ಅಲ್ಲವಾ, ಅದನ್ನು ತಿನ್ನುತ್ತೀರಲ್ಲ, ಅಂದೆ. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ದ್ವಾಸಿಗೆ ಯಾರರೆ ಹುಂಜ ಅಂತ ಹೆಸರ ಇಡ್ತಾರೇನವಾ?"

ಎಂಟುನೂರು ವರ್ಷದ ಹಿಂದಿನ ಜನ್ನ ನಮ್ಮ ಅಡುಗೆಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಾ ಕೂತಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಥೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣವರಿದ್ದಾಗ ಬಸದಿಯಲ್ಲಿ ಕೇಳಿದ್ದಂತೆ. ಕಾರ್ನಾಡರ ಹೆಸರು ಕೇಳಿದ್ದಾರೆ, ಸಿನಿಮಾದವರು ಅಂತ. ಜನ್ಮಗಳನ್ನು ಬೆರಳು ಮಡಚಿ ಹೇಳತೊಡಗಿದರು: ಮೊದಲು ಮಗ ನವಿಲು, ತಾಯಿ ನಾಯಿ, ಆ ನಾಯಿಯೇ ನವಿಲಿನ ಕತ್ತು ಹಿಡಿಯಿತು. ಹಾಗೇ ಹಾವು, ಮೀನು, ಮೊಸಳೆ, ಆಡು ಎಲ್ಲಾ ಆಗಿ, ಕಡೆಗೆ ಇಬ್ಬರೂ ಕೋಳಿಗಳಾಗಿಯೇ ಹುಟ್ಟಿದರು. ಮಗ ಬಾಯಲ್ಲಿ ಬ್ರೆಡ್ಡಿಟ್ಟುಕೊಂಡು ಕೇಳುತ್ತಿದ್ದ.

"ರಾಣಿ ಪಾಪದ್ದು ಅನಸ್ತೈತಿ ನನಗ" ಅಂತ ನಾನೂ ಅವರ ಭಾಷೆಯಲ್ಲೇ ಅಂದೆ.

"ರಾಣಿದು ಬ್ಯಾರೆ ಮಾತು. ಅಕಿ ಮಾಡಿದ್ದು ಅಕಿಗೆ." ಅತ್ತೆ ಸೋಸಿದ ಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿದರು. "ಅಂವಾ ಅವ್ವಗ ಖರೇ ಹೇಳಬೇಕಿತ್ತು. ಕನಸು ಬಿತ್ತು ಅಂತ ಸುಳ್ಳ ಹೇಳಿದ್ನಲ್ಲ, ಅಲ್ಲಿಂದ ಕೆಟ್ಟಿತು ಎಲ್ಲಾ. ಖರೇ ಹೇಳಿದ್ರ ಅಕೀ ಬಲಿ ಯಾಕ ಕೇಳ್ತಿದ್ಲು?"

ಹೇಳುತ್ತಾ ತಮ್ಮ ಮಗನ ಕಡೆ ನೋಡಿದರು. ಯಜಮಾನರು ನೀರು ಕುಡಿಯಲು ಎದ್ದು ಹೋದರು.

ಆ ಕನಸಿನ ಮಾತನ್ನು ನಾನು ಪ್ರತಿ ಸಲವೂ ಓದಿ ಮುಂದೆ ಹೋಗಿದ್ದೆ. ರಾಣಿ ಯಾಕೆ ಹೋದಳು, ಹುಂಜ ಯಾಕೆ ಕೂಗಿತು ಅಂತಲೇ ನನ್ನ ಗಮನ. ರಾತ್ರಿ ಪುಸ್ತಕ ಮತ್ತೆ ತೆಗೆದೆ, ಈ ಸಲ ರಾಣಿಯನ್ನು ಬಿಟ್ಟು ತಾಯಿಯ ಮಾತುಗಳನ್ನಷ್ಟೇ ಓದಿದೆ. ಹನ್ನೊಂದೂವರೆ ಆಯಿತು.

ಬೆಳಿಗ್ಗೆ ಹುಂಜದ ಮುಂದಿನ ಅರ್ಧ, ತಲೆ, ಕತ್ತು, ಎದೆ, ಡಬ್ಬಿಯಲ್ಲೇ ಇತ್ತು. ಚಳಿಗೆ ಬಿರುಸಾಗಿತ್ತು. ಟೋಸ್ಟ್ ಮಾಡೋಣ ಅಂತ ಚಾಕು ತೆಗೆದರೆ ಅತ್ತೆ, "ಕೊಯ್ಯಬ್ಯಾಡ, ಹಂಗ ಕೊಡು" ಅಂತ ಇಸಿದುಕೊಂಡು ಗೇಟಿನ ಹತ್ತಿರ ಹೋದರು. ನಮ್ಮ ಓಣಿಯಲ್ಲೊಂದು ಕಂದು ನಾಯಿ ಇದೆ, ದಿನಾ ಅವರು ಹಾಕುವ ರೊಟ್ಟಿಗೆ ಕಾಯುತ್ತದೆ. ಅದು ಮೂಸಿ ನೋಡಿ, ಸುಟ್ಟ ಜುಟ್ಟಿಗೆ ಒಮ್ಮೆ ಸೀನಿ, ಆಮೇಲೆ ಹುಂಜದ ಕತ್ತಿಗೆ ಸರಿಯಾಗಿ ಬಾಯಿ ಹಾಕಿ ಬೇವಿನ ಗಿಡದ ಕೆಳಗೆ ಒಯ್ದಿತು.

"ನೋಡ್, ಕತ್ತನ ಹಿಡದ್ಲು ಚಂದ್ರಮತಿ" ಅಂದರು ಅತ್ತೆ.

ಅವತ್ತಿನಿಂದ ಅದರ ಹೆಸರು ಅದೇ. ಚಂದ್ರಮತಿ ಅಂತ ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಅಜ್ಜಿ, ಅದು ಗಂಡು ನಾಯಿ ಅಂತ ಮಗ ನಾಲ್ಕಾರು ಸಲ ಹೇಳಿ ನೋಡಿದ. ಅವರು ಕೇಳಲಿಲ್ಲ.